ಗೋಡೆಯಾಚೆಯ ಟಿವಿಗೆ ಕೇಬಲ್ ದಾರಿ

ಉಡುಪಿ ಕಡೆಯ ನಮ್ಮ ಹಳೆಯ ಮನೆಯಲ್ಲಿ ಕೆಂಪುಕಲ್ಲಿನ ಗೋಡೆಗಳನ್ನು ವೈಫೈ ದಾಟುವುದು ಅಷ್ಟಕ್ಕಷ್ಟೇ. ನಾನು ಮದುವೆಯ ಆಮಂತ್ರಣ ಪತ್ರಿಕೆ ವಿನ್ಯಾಸ ಮಾಡುವ ಕಂಪ್ಯೂಟರ್ ಹಿಂದಿನ ಕೋಣೆಯಲ್ಲಿದೆ, ಟಿವಿ ಚಾವಡಿಯಲ್ಲಿ. ಕರಡು ನೋಡಲು ಹುಡುಗಿಯ ಕಡೆಯವರು ಸೋದರಮಾವನ ಸಮೇತ ಗುಂಪಾಗಿಯೇ ಬರುತ್ತಾರೆ. ಅವರನ್ನೆಲ್ಲ ಚಾವಡಿಯಲ್ಲೇ ಕೂರಿಸಿ ಕೆಲಸವನ್ನು ಟಿವಿಯಲ್ಲಿ ತೋರಿಸಬೇಕಿತ್ತು.

ಕಂಪ್ಯೂಟರಿನ ಚಿತ್ರವನ್ನು ನೇರ ಟಿವಿಗೆ ಒಯ್ಯುವ ಸಾಮಾನ್ಯ ಎಚ್‌ಡಿಎಂಐ ಕೇಬಲನ್ನು ಹತ್ತು ಹದಿನೈದು ಮೀಟರ್ ದಾಟಿದ ಮೇಲೆ ನೆಚ್ಚುವಂತಿಲ್ಲ. ಅದರ ಪ್ಲಗ್ ತೂರಲು ದೊಡ್ಡ ತೂತೂ ಬೇಕು. ಕ್ಯಾಟ್ 5ಇ ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೆ ಹೋಗುತ್ತದೆ. ಸಣ್ಣ ತೂತಿನಲ್ಲಿ ಕೇಬಲ್ ತೂರಿಸಿ, ಆಮೇಲೆ ತುದಿಗೆ ಕನೆಕ್ಟರ್ ಕ್ರಿಂಪ್ ಮಾಡಿದರಾಯಿತು, ಅಂದರೆ ಇಕ್ಕಳದಿಂದ ಅದುಮಿ ಕೂರಿಸಿದರಾಯಿತು. ರೂಟರ್‌ನಿಂದ ಕಂಪ್ಯೂಟರಿಗೊಂದು, ಟಿವಿಗೊಂದು ಎಳೆದೆ.

ಕೇಬಲ್ ಸಿಕ್ಕಿಸಿದ ಮಾತ್ರಕ್ಕೆ, ಕಂಪ್ಯೂಟರಿನ ಪರದೆಯನ್ನು ಹಾಗೆಯೇ ತೋರಿಸುವ ಟಿವಿಯ ‘ಸ್ಕ್ರೀನ್ ಮಿರರಿಂಗ್’ ಅದರಲ್ಲಿ ಓಡುವುದಿಲ್ಲ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಮತ್ತು ಕೆ ಒತ್ತಿದಾಗ ಕೆಲಸ ಮಾಡುವ ಮಿರಾಕಾಸ್ಟ್ ಎಂಬ ಮಿರರಿಂಗ್ ವಿಧಾನ ಸಾಮಾನ್ಯವಾಗಿ ರೂಟರನ್ನು ಬಿಟ್ಟು ನೇರ ವೈಫೈಯಲ್ಲೇ ಟಿವಿಯನ್ನು ಹಿಡಿಯುತ್ತದೆ. 2017ರ ವಿಂಡೋಸ್ 10 ಆವೃತ್ತಿಯಿಂದ ಅದಕ್ಕೆ ಕೇಬಲ್ ಮೂಲಕ ಹೋಗುವ ದಾರಿಯೂ ಇದೆ, ಆದರೆ ಟಿವಿಯೂ ಅದಕ್ಕೆ ಒಪ್ಪಬೇಕು. ನನ್ನದು ಒಪ್ಪಲಿಲ್ಲ. ಕ್ರೋಮ್ ಬ್ರೌಸರಿನ ‘ಕಾಸ್ಟ್’ ಆಯ್ಕೆಯಲ್ಲಿ ಇಡೀ ಪರದೆಯನ್ನು ಆಯ್ದುಕೊಂಡಾಗ ಆಂಡ್ರಾಯ್ಡ್ ಟಿವಿಯಲ್ಲಿ ಚಿತ್ರ ಮೂಡಿತು. ಎರಡೂ ಒಂದೇ ನೆಟ್‌ವರ್ಕಿನಲ್ಲಿದ್ದರೆ ಅದಕ್ಕೆ ಸಾಕು. ಸಿನಿಮಾಕ್ಕೆ ಇದು ಧಾರಾಳವಾಯಿತು. ನನಗೆ ಮಾತ್ರ ಮೌಸ್ ಇಲ್ಲಿ ಸರಿದು ಬಾಣ ಅಲ್ಲಿ ತಡವಾಗಿ ಹೊರಡುವುದನ್ನು ಸಹಿಸಲಾಗಲಿಲ್ಲ.

ಕೊನೆಗೆ ನೆಲೆ ನಿಂತದ್ದು ಎರಡು ತಂತ್ರಾಂಶಗಳು: ಪರದೆಯನ್ನು ಕಳಿಸಲು ಕಂಪ್ಯೂಟರಿನಲ್ಲಿ ಸನ್‌ಶೈನ್, ಅದನ್ನು ತೋರಿಸಲು ಟಿವಿಯಲ್ಲಿ ಮೂನ್‌ಲೈಟ್. ಎರಡೂ ಉಚಿತ, ಮೂಲತಃ ಗೇಮ್ ಆಡುವವರಿಗಾಗಿ ಹುಟ್ಟಿದವು. ಟಿವಿ ತೋರಿಸುವ ನಾಲ್ಕಂಕಿಯ ಪಿನ್ನನ್ನು ಸನ್‌ಶೈನ್ ಪುಟದಲ್ಲಿ ಬರೆದರೆ ಜೋಡಣೆ ಮುಗಿಯಿತು. ಟಿವಿಯಲ್ಲಿ ಕಂಪ್ಯೂಟರಿನ ಹೆಸರು ಕಾಣಿಸದಿದ್ದರೆ ವಿಂಡೋಸ್‌ನಲ್ಲಿ ನೆಟ್‌ವರ್ಕ್ ‘ಪ್ರೈವೇಟ್’ ಎಂದಿದೆಯೇ ನೋಡಿ. ‘ಪಬ್ಲಿಕ್’ ಎಂದಿದ್ದರೆ ಫೈರ್‌ವಾಲ್ ತಡೆಯಬಹುದು. ಟಿವಿಯ ಯುಎಸ್‌ಬಿಗೆ ಸಿಕ್ಕಿಸಿದ ಮೌಸನ್ನೂ ಮೂನ್‌ಲೈಟ್ ಕಂಪ್ಯೂಟರಿಗೆ ತಲುಪಿಸುತ್ತದೆ. ಹೀಗಾಗಿ ನಾನೂ ಚಾವಡಿಯಲ್ಲೇ ಕುಳಿತು ಅಕ್ಷರ ಸರಿಸುತ್ತೇನೆ.

ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಕಳಿಸುವ ಮಾಹಿತಿಯ ಪ್ರಮಾಣದ ವಿಷಯದಲ್ಲಿ ದುರಾಸೆ ಬೇಡ. 1080ಪಿ ಚಿತ್ರ ಸೆಕೆಂಡಿಗೆ 60 ಚೌಕಟ್ಟಿನಂತೆ ಕುಗ್ಗಿಸದೆ ಹೋದರೆ ಸೆಕೆಂಡಿಗೆ ಸುಮಾರು 3 ಗಿಗಾಬಿಟ್, ಅಂದರೆ 3000 ಮೆಗಾಬಿಟ್. ಗ್ರಾಫಿಕ್ಸ್ ಚಿಪ್ ಅದನ್ನು ಹಿಂಡಿ ಕಳಿಸುತ್ತದೆ. ಬಹಳಷ್ಟು ಟಿವಿಗಳಂತೆ ನನ್ನದರ ನೆಟ್‌ವರ್ಕ್ ಕಿಂಡಿಯೂ 100 ಮೆಗಾಬಿಟ್‌ನದು. 30 ಮೆಗಾಬಿಟ್‌ಗೆ ನಿಲ್ಲಿಸಿದ್ದೇನೆ, ಚಿತ್ರ ಚೊಕ್ಕವಾಗಿದೆ. ಟಿವಿಯಲ್ಲಿ ‘ಗೇಮ್ ಮೋಡ್’ ಹಾಕಿದ ಮೇಲೆ ಉಳಿದ ತಡವೂ ಬಹುಪಾಲು ಹೋಯಿತು.

ಆಮಂತ್ರಣ ಮಾಡುವವರಿಗೆ ಒಂದು ತೊಡಕು ಉಳಿಯುತ್ತದೆ. ಇಂಥ ವಿಡಿಯೊ ಸಾಮಾನ್ಯವಾಗಿ ಬಣ್ಣದ ವಿವರವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕಿಳಿಸುತ್ತದೆ. ಕಪ್ಪು ಅಕ್ಷರಕ್ಕೆ ಅದು ಗೊತ್ತಾಗುವುದಿಲ್ಲ, ಸಣ್ಣ ಕೆಂಪು ಅಕ್ಷರ ಮಾತ್ರ ಅಂಚಿನಲ್ಲಿ ಕದಡುತ್ತದೆ. ನಮ್ಮ ಲಗ್ನಪತ್ರಿಕೆಗಳಲ್ಲೋ ಕೆಂಪೇ ಹೆಚ್ಚು! ಹೆಸರುಗಳ ಕಾಗುಣಿತ ತೋರಿಸುವಾಗ ಪುಟವನ್ನು ಹಿಗ್ಗಿಸಿಕೊಳ್ಳುತ್ತೇನೆ. ಬಣ್ಣಕ್ಕೆ ಒಪ್ಪಿಗೆ ಬೇಕಾದಾಗ ಟಿವಿ ಆಫ್ ಮಾಡಿ, ಮುದ್ರಿಸಿದ ಮಾದರಿಯನ್ನೇ ಸೋದರಮಾವನ ಕೈಗೆ ಕೊಡುತ್ತೇನೆ.