ದೊಡ್ಡ ಏರ್‌ಪೋರ್ಟಿನಲ್ಲಿ ಫ್ಲೈಟ್ ಸಿಮ್ಯುಲೇಟರ್ ತಡವರಿಸುತ್ತಿದ್ದರೆ
ಗ್ರಾಫಿಕ್ಸ್ ಸೆಟ್ಟಿಂಗ್ ಮುಟ್ಟುವ ಮೊದಲು ಎಐ ಟ್ರಾಫಿಕ್ (ಕಂಪ್ಯೂಟರೇ ನಡೆಸುವ ಇತರ ವಿಮಾನಗಳು) ಅರ್ಧಕ್ಕೆ ಇಳಿಸಿ ನೋಡಿ. ಸುತ್ತಲಿನ ಒಂದೊಂದು ವಿಮಾನದ ಟ್ಯಾಕ್ಸಿ ದಾರಿ, ಹಾರಾಟ, ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ಜೊತೆಗಿನ ಮಾತು, ಇವೆಲ್ಲದರ ಲೆಕ್ಕ ಬೀಳುವುದು ಸಿಪಿಯು ಮೇಲೆ, ಅದರಲ್ಲೂ ಬಹುಪಾಲು ಒಂದೇ ಮುಖ್ಯ ಥ್ರೆಡ್ (ಒಂದಾದ ಮೇಲೊಂದು ಕೆಲಸ ಮುಗಿಸುವ ಸಾಲು) ಮೇಲೆ. ಹಾಗಾಗಿ ಗ್ರಾಫಿಕ್ಸ್ ಕಾರ್ಡ್ ಬಿಡುವಾಗಿದ್ದರೂ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ, ಅಂದರೆ ಎಫ್‌ಪಿಎಸ್ ಕುಸಿಯುತ್ತದೆ. ನಿಲ್ಲಿಸಿಟ್ಟ ವಿಮಾನಗಳು, ನೆಲದ ಮೇಲೆ ಓಡಾಡುವ ವಾಹನಗಳು ಕೂಡ ಭಾರವೇ. ನನ್ನ ಕೇಳಿದರೆ ಮೊದಲು ಅವನ್ನೇ ಕಡಿಮೆ ಮಾಡಿ, ಆಗ ಆಕಾಶವಾದರೂ ಬಿಕೋ ಅನ್ನುವುದಿಲ್ಲ. ಆದರೆ ರೆಸಲ್ಯೂಶನ್ ಇಳಿಸಿದ ಕೂಡಲೇ ಎಫ್‌ಪಿಎಸ್ ಜಿಗಿದರೆ ತೊಡಕಿರುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಅಂಥ ಕಡೆ ಟ್ರಾಫಿಕ್ ಪೂರ್ತಿ ತೆಗೆದರೂ ಹೆಚ್ಚೇನೂ ದಕ್ಕದು.