ಫೀಸು ಕಟ್ಟಿದರೆ ಮುಗಿಯಲಿಲ್ಲ: ಹೈಸ್ಕೂಲ್ ಹುಡುಗಿಯೊಬ್ಬಳನ್ನು ಓದಿಸಿದ ನನ್ನ ಅನುಭವ

ಬಡ ಮನೆಯ ಮಗುವೊಂದರ ಹೈಸ್ಕೂಲ್ ಓದಿನ ಖರ್ಚು ಹೊರಬೇಕು ಅಂತ ಯೋಚಿಸುತ್ತಿದ್ದೀರಾ? ಹಾಗಾದರೆ ಮೊದಲು ಕೊನೆಯ ಪರೀಕ್ಷೆಯವರೆಗಿನ ಲೆಕ್ಕ ಹಾಕಿ. ಈ ವರ್ಷದ್ದು ಮಾತ್ರ ಸಾಲದು. ಅಷ್ಟೂ ವರ್ಷ ನಿಭಾಯಿಸಬಲ್ಲೆ ಅನ್ನಿಸಿದ ಮೇಲೆ ಮಾತು ಕೊಡಿ. ನಾನು ಈ ಕೆಲಸಕ್ಕೆ ಬೇರೆ ಬ್ಯಾಂಕ್ ಖಾತೆಯನ್ನೇ ತೆರೆದೆ. ಒಂದು ವರ್ಷಕ್ಕೆ ಬೇಕಾಗುವ ಹಣ ಯಾವಾಗಲೂ ಅದರಲ್ಲಿ ಮುಂಗಡವಾಗಿ ಇರುವಂತೆ ನೋಡಿಕೊಂಡೆ. ನಾಳೆ ನನ್ನ ಕೆಲಸವೇ ಹೋದರೂ ಆ ಹುಡುಗಿಯ ಓದು ನಡುನೀರಿನಲ್ಲಿ ನಿಲ್ಲಬಾರದಲ್ವಾ?

ಹೈಸ್ಕೂಲನ್ನೇ ಆರಿಸಿದ್ದಕ್ಕೆ ಕಾರಣ ಇದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿ, ಪ್ರಾಥಮಿಕ ಶಿಕ್ಷಣ ಕಡ್ಡಾಯ ಮತ್ತು ಎಲ್ಲರಿಗೂ ಉಚಿತ ಆಗಬೇಕು ಅಂತ ನೇರವಾಗಿ ಹೇಳುತ್ತದೆ. ಪ್ರೌಢಶಿಕ್ಷಣದ ವಿಷಯಕ್ಕೆ ಬಂದಾಗ ಮಾತು ಸ್ವಲ್ಪ ಸಡಿಲವಾಗುತ್ತದೆ. ಅದು ಎಲ್ಲ ಮಕ್ಕಳ ಕೈಗೆಟುಕಬೇಕು, ಅದಕ್ಕಾಗಿ ಉಚಿತ ಶಿಕ್ಷಣ, ಬೇಕಾದವರಿಗೆ ಹಣದ ನೆರವು, ಇಂಥ ಕ್ರಮ ತೆಗೆದುಕೊಳ್ಳಬೇಕು ಅನ್ನುತ್ತದೆ ಅಷ್ಟೆ. ಮನೆಗಳಲ್ಲೂ ಹಾಗೇ. ಚಿಕ್ಕ ಮಗುವನ್ನು ಶಾಲೆಗೆ ಕಳಿಸುವುದರ ಬಗ್ಗೆ ಯಾರೂ ಎರಡು ಸಲ ಯೋಚಿಸುವುದಿಲ್ಲ. ಹದಿಮೂರು ಹದಿನಾಲ್ಕು ದಾಟಿತು ಅನ್ನಿ, ಖರ್ಚೂ ಜಾಸ್ತಿ ಆಗುತ್ತದೆ, ದುಡಿಯುವ ಕೈಯೊಂದು ಮನೆಯಲ್ಲೇ ಇದೆ ಅನ್ನುವುದೂ ಕಣ್ಣಿಗೆ ಬೀಳುತ್ತದೆ. ಓದು ಬಿಡಿಸುವ ಮಾತು ಶುರುವಾಗುವುದೇ ಆಗ.

ಮಗುವನ್ನು ನಾನು ಆರಿಸಲಿಲ್ಲ. ಶಾಲೆಯ ಹೆಡ್‌ಮೇಡಂ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿದೆ: "ಮುಂದಿನ ವರ್ಷ ಬರಲಿಕ್ಕಿಲ್ಲ ಅಂತ ನಿಮಗೆ ಅನ್ನಿಸುವ ಮಗು ಯಾರು?" ಚೆನ್ನಾಗಿ ಓದುವವರು ಯಾರು ಅಂತ ಕೇಳಿದ್ದರೆ ಬೇರೆ ಹೆಸರು ಬರುತ್ತಿತ್ತು. ಫಸ್ಟ್ ಬರುವ ಮಕ್ಕಳಿಗೆ ಬಹುಮಾನ, ವಿದ್ಯಾರ್ಥಿವೇತನ ಹೇಗೋ ಸಿಗುತ್ತದೆ. ಸಾಧಾರಣ ಅಂಕದ ಹುಡುಗಿ ಸುಮ್ನೆ ಒಂದು ದಿನ ಬರುವುದು ನಿಲ್ಲಿಸುತ್ತಾಳೆ, ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಮೇಡಂ ಹೇಳಿದ್ದು ಅಂಥ ಒಬ್ಬಳ ಹೆಸರು.

ಅವಳ ಅಮ್ಮನ ಜೊತೆ ಕೂತು ಇಡೀ ವರ್ಷದ ಖರ್ಚನ್ನು ತಿಂಗಳು ತಿಂಗಳಾಗಿ ಬರೆದುಕೊಂಡೆ. ಹಳೇ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಹುಡುಗಿಯೇ ಬರೆದಳು, ಅಮ್ಮ ಹೇಳುತ್ತಾ ಹೋದರು. ಮೊದಲ ಸಾಲು ಫೀಸು. ಅದರ ಕೆಳಗೆ ಪರೀಕ್ಷಾ ಶುಲ್ಕ, ಬಸ್ ಖರ್ಚು, ಎರಡು ಜೊತೆ ಯೂನಿಫಾರಂ, ಶೂ. ಆ ವಯಸ್ಸಿನಲ್ಲಿ ಶೂ ವರ್ಷ ತುಂಬುವ ಮೊದಲೇ ಬಿಗಿಯಾಗುತ್ತದೆ. ಆಮೇಲೆ ಪ್ರಾಕ್ಟಿಕಲ್ ರೆಕಾರ್ಡ್, ಗ್ರಾಫ್ ಹಾಳೆ, ಜಾಮೆಟ್ರಿ ಬಾಕ್ಸ್, ಶಾಲೆಯ ಪ್ರವಾಸ. ಕೊನೆಗೆ ಅವಳು "ಇತರೆ" ಅಂತ ಬರೆದು ತಲೆ ತಗ್ಗಿಸಿದಳು. ಅಮ್ಮ ಸಣ್ಣ ದನಿಯಲ್ಲಿ "ಪ್ಯಾಡ್, ಅಕ್ಕಾ" ಅಂದರು. ಎಲ್ಲ ಕೂಡಿಸಿ ನೋಡಿದರೆ ಫೀಸಿಗಿಂತ ಅದರ ಕೆಳಗಿನ ಸಾಲುಗಳ ಮೊತ್ತವೇ ಜಾಸ್ತಿ ಇತ್ತು. ಹೈಸ್ಕೂಲ್ ಮಗುವನ್ನು ಓದಿಸುತ್ತೇನೆ ಅನ್ನುವವರೆಲ್ಲ ಈ ಪಟ್ಟಿ ಮಾಡಲೇಬೇಕು, ಅದೂ ಮನೆಯವರ ಬಾಯಿಂದಲೇ ಕೇಳಿ.

ಹಣ ಕೊಡುವ ದಾರಿಯನ್ನು ಎರಡು ಮಾಡಿಕೊಂಡೆ. ಫೀಸು, ಪರೀಕ್ಷಾ ಶುಲ್ಕ ನೇರವಾಗಿ ಶಾಲೆಗೆ. ರಸೀದಿ ಅವಳ ಹೆಸರಿನಲ್ಲಿ, ಒಂದು ಪ್ರತಿ ಅಮ್ಮನ ಹತ್ತಿರ. ಉಳಿದ ಸಣ್ಣ ಖರ್ಚಿಗೆ ಪ್ರತಿ ತಿಂಗಳು ಅದೇ ತಾರೀಖಿಗೆ ಅಮ್ಮನ ಖಾತೆಗೆ ಹಣ. ಅದಕ್ಕೆ ನಾನು ಬಿಲ್ ಕೇಳಲಿಲ್ಲ. ಪೆನ್ಸಿಲಿಗೂ ಲೆಕ್ಕ ಕೇಳಿದರೆ ಆ ತಾಯಿ ಮುಂದೆ ಬೇಕಾದದ್ದನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ತಾರೀಖು ತಪ್ಪಬಾರದು. ಪರೀಕ್ಷಾ ಶುಲ್ಕಕ್ಕೆ ಕೊನೆಯ ದಿನ ಅಂತ ಒಂದಿರುತ್ತದೆ. ಅದು ದಾಟಿದ ಮೇಲೆ ಎಷ್ಟು ಹಣ ಕಳಿಸಿದರೂ ಒಮ್ಮೊಮ್ಮೆ ಪ್ರಯೋಜನಕ್ಕೆ ಬರುವುದಿಲ್ಲ.

ಅಂಕಪಟ್ಟಿಗಿಂತ ನಾನು ಹಾಜರಿಯನ್ನೇ ಜಾಸ್ತಿ ನೋಡುತ್ತಿದ್ದೆ. ಓದು ಬಿಡುವ ಮಗು ಒಂದೇ ದಿನಕ್ಕೆ ಬಿಡುವುದಿಲ್ಲ. ಮೊದಲು ವಾರಕ್ಕೊಂದು ದಿನ ತಪ್ಪುತ್ತದೆ, ಆಮೇಲೆ ಎರಡು. ತಪ್ಪಿದ ಪಾಠ ಅರ್ಥವಾಗುವುದಿಲ್ಲ, ಅರ್ಥವಾಗದ ಕ್ಲಾಸಿಗೆ ಹೋಗಲು ಮನಸ್ಸೂ ಬರುವುದಿಲ್ಲ. ಇವಳ ವಿಷಯದಲ್ಲಿ ಕ್ಲಾಸ್ ಟೀಚರ್ ಒಂದು ಸಂಗತಿ ಗಮನಿಸಿದರು. ಗೈರುಹಾಜರಿ ಪ್ರತಿ ವಾರವೂ ಅದೇ ದಿನಗಳಲ್ಲಿ ಬೀಳುತ್ತಿತ್ತು. ಕೇಳಿದರೆ, ಆ ದಿನಗಳಲ್ಲಿ ಅಮ್ಮನಿಗೆ ಬೆಳಿಗ್ಗೆಯ ಪಾಳಿ. ಮನೆಯಲ್ಲಿ ಪುಟ್ಟ ತಮ್ಮನನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಪಕ್ಕದ ಮನೆಯ ಅಜ್ಜಿ ಒಪ್ಪಿದರು. ಅವರಿಗೆ ತಿಂಗಳಿಗೆ ಇಷ್ಟು ಅಂತ ಕೊಡುವ ಏರ್ಪಾಡು ಮಾಡಿದೆವು. ಅಲ್ಲಿಂದ ಹಾಜರಿ ಸರಿಹೋಯಿತು. ಇದು ಓದಿನ ಖರ್ಚಲ್ಲ ಅಂತ ಕೆಲವರು ನನಗೆ ಹೇಳಿದರು. ನನ್ನ ಪ್ರಕಾರ ನಾನು ಮಾಡಿದ ಖರ್ಚಿನಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಇದೇ.

ಗಣಿತದ ಕಿರುಪರೀಕ್ಷೆಯಲ್ಲಿ ಒಮ್ಮೆ ಅವಳು ಫೇಲಾದಳು. ಆ ದಿನ ರಾತ್ರಿ ಅಮ್ಮನ ಫೋನಿನಿಂದ ಮಾತಾಡಿದಳು. "ಇನ್ನು ನೀವು ನಿಲ್ಲಿಸ್ತೀರಾ ಅಕ್ಕಾ?" ಎಷ್ಟು ದಿನದಿಂದ ಆ ಭಯ ಇಟ್ಟುಕೊಂಡಿದ್ದಳೋ! ಇಲ್ಲ ಅಂದೆ. ಬಾಯಿಮಾತು ಸಾಲದು ಅನ್ನಿಸಿ, ಅಂಕ ಎಷ್ಟೇ ಬರಲಿ ಕೊನೆಯ ಪರೀಕ್ಷೆಯವರೆಗೆ ಖರ್ಚು ನನ್ನದು ಅಂತ ಕಾಗದದಲ್ಲಿ ಬರೆದು ಸಹಿ ಹಾಕಿ ಅಮ್ಮನಿಗೆ ಕೊಟ್ಟೆ. ಘಾನಾ ದೇಶದಲ್ಲಿ 2008ರಲ್ಲಿ ಹೀಗೇ ಒಂದು ಪ್ರಯೋಗ ಆಗಿತ್ತು. ಹೈಸ್ಕೂಲ್ ಸೀಟು ಸಿಕ್ಕೂ ಫೀಸು ಕಟ್ಟಲಾಗದ 2,064 ಮಕ್ಕಳಲ್ಲಿ 682 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಆರಿಸಿ 4 ವರ್ಷದ ವಿದ್ಯಾರ್ಥಿವೇತನ ಕೊಟ್ಟರು. ಸಿಗದವರಿಗೆ ಹೋಲಿಸಿದರೆ, ಸಿಕ್ಕವರಲ್ಲಿ ಓದು ಮುಗಿಸಿದವರು ತುಂಬಾ ಜಾಸ್ತಿ. ಎಸ್ತರ್ ಡುಫ್ಲೊ, ಪಾಸ್ಕಲಿನ್ ಡುಪಾ, ಮೈಕಲ್ ಕ್ರೆಮರ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಅಧ್ಯಯನ ಮಾಡಿದವರು. ನನ್ನ ಗಮನ ಸೆಳೆದದ್ದು ಆ ನಾಲ್ಕೂ ವರ್ಷದ ಭರವಸೆ. ಮುಂದಿನ ವರ್ಷ ಇದೆ ಅಂತ ಗೊತ್ತಿರುವ ಮಗು ಓದುವ ರೀತಿಯೇ ಬೇರೆ.

ಕೆಲವು ವಿಷಯಗಳಲ್ಲಿ ನಾನು ಗಟ್ಟಿಯಾಗಿದ್ದೆ. ಅವಳ ಫೋಟೊವನ್ನು ಎಲ್ಲೂ ಹಾಕಲಿಲ್ಲ. ಯಾರು ಓದಿಸುತ್ತಿದ್ದಾರೆ ಅನ್ನುವುದು ಕ್ಲಾಸಿನಲ್ಲಿ ಗೊತ್ತಾಗುವುದು ಬೇಡ ಅಂದೆ. ಧನ್ಯವಾದದ ಪತ್ರ ಬರೆಸುವುದು ಬೇಡ ಅಂತಲೂ ಹೇಳಿದೆ. ಅವಳ ಜೊತೆ ಮಾತಾಡುವುದೇನಿದ್ದರೂ ಅಮ್ಮ ಅಥವಾ ಟೀಚರ್ ಎದುರಿಗೇ. ಹಣ ಕೊಡುವವರಿಗೆ ಮಗುವಿನ ಮೇಲೆ ಒಂದು ಬಗೆಯ ಅಧಿಕಾರ ತಾನಾಗಿಯೇ ಬಂದುಬಿಡುತ್ತದೆ. ಆದ್ದರಿಂದ ಈ ಬೇಲಿ ಎಲ್ಲರಿಗೂ ಇರಬೇಕು, ಎಷ್ಟೇ ಒಳ್ಳೆಯವರಾಗಿರಲಿ.

ಕೊನೆಯ ವರ್ಷ ಶುರುವಾಗುವಾಗಲೇ ಅಮ್ಮ, ಮಗಳು, ನಾನು ಕೂತು ಮುಂದೇನು ಅಂತ ಮಾತಾಡಿದೆವು. ಅವಳಿಗೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮಾಡುವ ಆಸೆ. ಅದರ ಪೂರ್ತಿ ಖರ್ಚು ನನ್ನಿಂದ ಆಗುವುದಿಲ್ಲ, ಪುಸ್ತಕ ಮತ್ತು ಓಡಾಟದ್ದು ನೋಡಿಕೊಳ್ಳುತ್ತೇನೆ ಅಂತ ಆಗಲೇ ತಿಳಿಸಿದೆ. ಉಳಿದದ್ದಕ್ಕೆ ವಿದ್ಯಾರ್ಥಿವೇತನ ಹುಡುಕಲು ಅವರಿಗೆ ಇಡೀ ವರ್ಷ ಸಿಕ್ಕಿತು. ಅರ್ಜಿಗಳನ್ನು ಅವಳೇ ತುಂಬಿದಳು, ಒಂದು ಮಂಜೂರಾಗಿದೆ.