ಬ್ಯಾಕಪ್ ಇದೆ ಸರಿ, ವಾಪಸ್ ತಂದು ನೋಡಿದ್ದೀರಾ?

ಹಿಂದೆ ನಾನು ಒಂದು ಸಣ್ಣ ಸಂಸ್ಥೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಬಂದ ಕೂಡಲೇ ಬ್ಯಾಕಪ್ ಪರದೆ ತೆರೆದು ನೋಡುವುದು ನನ್ನ ಮೊದಲ ಕೆಲಸ. ಹಸಿರು ಟಿಕ್ ಕಂಡರೆ ಸಮಾಧಾನ. ಹನ್ನೊಂದು ತಿಂಗಳು ಹೀಗೇ ನಡೆಯಿತು. ಒಂದು ದಿನ ಲೆಕ್ಕಪತ್ರದವರು ಕೈತಪ್ಪಿ ಒಂದು ಫೈಲ್ ಅಳಿಸಿಬಿಟ್ಟರು. "ಬ್ಯಾಕಪ್ ಇದೆಯಲ್ಲ, ಐದು ನಿಮಿಷ ಕೊಡಿ" ಅಂದೆ. ತೆರೆದು ನೋಡಿದರೆ ಫೈಲಿನ ಹೆಸರಿದೆ, ಒಳಗೆ ಏನೂ ಇಲ್ಲ. ಸೊನ್ನೆ ಕೆಬಿ. ರಾತ್ರಿ ಬ್ಯಾಕಪ್ ಓಡುವ ಹೊತ್ತಿನಲ್ಲಿ ಲೆಕ್ಕದ ಸಾಫ್ಟ್‌ವೇರ್ ಆ ಫೈಲನ್ನು ಹಿಡಿದುಕೊಂಡೇ ಕೂತಿರುತ್ತಿತ್ತು. ಬ್ಯಾಕಪ್ ಅದನ್ನು ಮುಟ್ಟಲಾಗದೆ ಮುಂದೆ ಹೋಗುತ್ತಿತ್ತು. ಕೊನೆಗೆ ಮಾತ್ರ ಹಸಿರು ಟಿಕ್ ಹಾಕಿಬಿಡುತ್ತಿತ್ತು.

ಅವತ್ತು ಹೋಗಿದ್ದು ಒಂದೇ ಫೈಲ್. ಪ್ರಿಂಟ್ ಹಾಕಿಟ್ಟಿದ್ದ ಕಾಗದ ನೋಡಿಕೊಂಡು ಮೂರು ದಿನ ಟೈಪ್ ಮಾಡಿ ಸರಿಮಾಡಿದೆವು. ಎಲ್ಲ ಫೈಲ್‌ಗಳೂ ಒಟ್ಟಿಗೆ ಹೋಗಿದ್ದರೆ? ರ‍್ಯಾನ್ಸಮ್‌ವೇರ್ ಮಾಡುವುದು ಅದನ್ನೇ. ನಿಮ್ಮ ಫೈಲ್‌ಗಳನ್ನು ನಿಮಗೇ ಓದಲಾಗದಂತೆ ಗೂಢಲಿಪಿಗೆ ತಿರುಗಿಸಿ, ಬೀಗದಕೈ ಬೇಕಾದರೆ ದುಡ್ಡು ಕೊಡಿ ಎನ್ನುತ್ತದೆ. ವಿದ್ಯೆ ಹೊಸದಲ್ಲ. 1989ರಲ್ಲೇ ಒಬ್ಬಾತ ಫ್ಲಾಪಿಗಳನ್ನು ಅಂಚೆಯಲ್ಲಿ ಕಳಿಸಿ, 189 ಡಾಲರನ್ನು ಪನಾಮಾದ ಅಂಚೆಪೆಟ್ಟಿಗೆಗೆ ಹಾಕಿ ಎಂದು ಕೇಳಿದ್ದ. ಈಗಿನವರು ಬೀಗ ಹಾಕುವ ಮೊದಲು ಮಾಹಿತಿಯ ನಕಲನ್ನೂ ಹೊತ್ತೊಯ್ಯುತ್ತಾರೆ. ದುಡ್ಡು ಕೊಡದಿದ್ದರೆ ಬಯಲು ಮಾಡುತ್ತೇವೆ ಎಂದು ಇನ್ನೊಂದು ಬೆದರಿಕೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಕಳ್ಳ ಬಂದ ದಿನವೇ ಬೀಗ ಬೀಳುವುದಿಲ್ಲ. ಐರ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಒಬ್ಬ ಉದ್ಯೋಗಿ ಇಮೇಲ್‌ನಲ್ಲಿ ಬಂದ ಎಕ್ಸೆಲ್ ಫೈಲ್ ತೆರೆದದ್ದು 2021ರ ಮಾರ್ಚ್ 18ರಂದು. ಕಂಪ್ಯೂಟರ್‌ಗಳಿಗೆ ಬೀಗ ಬಿದ್ದದ್ದು ಮೇ 14ರಂದು. ನಡುವಿನ ಎಂಟು ವಾರ ಕಳ್ಳರು ಒಳಗೇ ಓಡಾಡಿಕೊಂಡಿದ್ದರು. ನಿಮ್ಮ ಬ್ಯಾಕಪ್ ಎಲ್ಲಿದೆ, ಎಲ್ಲ ಅಧಿಕಾರ ಇರುವ ಅಡ್ಮಿನ್ ಯಾರು, ರಜೆ ಯಾವಾಗ, ಎಲ್ಲ ನೋಡಿಕೊಳ್ಳಲು ಅಷ್ಟು ಸಮಯ ಸಾಕು. ಅದಕ್ಕೇ ಇಂಥ ದಾಳಿಗಳು ವಾರಾಂತ್ಯದಲ್ಲಿ, ಹಬ್ಬದ ಹಿಂದಿನ ದಿನ ಜಾಸ್ತಿ. ಹಾಗಾಗಿ ತಯಾರಿ ಮೊದಲೇ ಬೇಕು. ಅದರ ಹೆಜ್ಜೆಗಳು ಇವು.

ಮೊದಲ ಹೆಜ್ಜೆ: ಏನೇನಿದೆ ಅಂತ ಬರೆಯಿರಿ

ದುಬಾರಿ ಉಪಕರಣ ಬೇಡ, ಒಂದು ಎಕ್ಸೆಲ್ ಹಾಳೆ ಸಾಕು. ಪ್ರತಿ ಸಾಲಿಗೆ ಒಂದು ಯಂತ್ರ ಅಥವಾ ಒಂದು ಸಾಫ್ಟ್‌ವೇರ್. ಎದುರಿಗೆ ಅದರ ಆವೃತ್ತಿ, ಅದರ ಜವಾಬ್ದಾರಿ ಹೊತ್ತವರ ಹೆಸರು, ಅದು ಇಂಟರ್‌ನೆಟ್ಟಿಗೆ ತೆರೆದಿದೆಯೋ ಇಲ್ಲವೋ, ಅದು ನಿಂತರೆ ಯಾವ ಕೆಲಸ ನಿಲ್ಲುತ್ತದೆ. ಹೆಸರಿನ ಕಾಲಂನಲ್ಲಿ "ಐಟಿ ವಿಭಾಗ" ಎಂದು ಬರೆಯಬೇಡಿ. ಒಬ್ಬ ಮನುಷ್ಯನ ಹೆಸರು ಬೇಕು. ಎಲ್ಲರದ್ದು ಅಂದರೆ ಯಾರದ್ದೂ ಅಲ್ಲ, ಅಲ್ವಾ?

ಈ ಹಾಳೆಯ ಬೆಲೆ ಗೊತ್ತಾದದ್ದು 2021ರ ಡಿಸೆಂಬರ್‌ನಲ್ಲಿ. ಲಾಗ್‌ಫೋರ್‌ಜೆ ಎಂಬ ಪುಟ್ಟ ಜಾವಾ ತುಣುಕಿನಲ್ಲಿ ಕಳ್ಳರು ನುಗ್ಗಬಹುದಾದ ದೊಡ್ಡ ತೂತು ಸಿಕ್ಕಿತು. ಅಪಾಯದ ಅಂಕ ಹತ್ತಕ್ಕೆ ಹತ್ತು. ಆ ತುಣುಕಿನ ಕೆಲಸ ಸರ್ವರ್‌ನ ದಿನಚರಿ ಬರೆಯುವುದು, ಅಷ್ಟೇ. ಆದರೆ ಸಾವಿರಾರು ಸಾಫ್ಟ್‌ವೇರ್‌ಗಳ ಹೊಟ್ಟೆಯಲ್ಲಿ ಅದು ಅಡಗಿ ಕೂತಿತ್ತು. ಜಗತ್ತಿನಾದ್ಯಂತ ಐಟಿ ತಂಡಗಳು ಆ ವಾರವೆಲ್ಲ ಕೇಳಿಕೊಂಡದ್ದು ಒಂದೇ ಪ್ರಶ್ನೆ: "ಇದು ನಮ್ಮಲ್ಲಿ ಎಲ್ಲೆಲ್ಲಿದೆ?" ಸರಿಪಡಿಸುವ ಕೆಲಸಕ್ಕಿಂತ ಹುಡುಕುವ ಕೆಲಸವೇ ದೊಡ್ಡದಾಯಿತು. ಹಾಗಾಗಿ ಸಾಫ್ಟ್‌ವೇರ್ ಕೊಳ್ಳುವಾಗ ಅದರೊಳಗೆ ಯಾವ್ಯಾವ ತುಣುಕುಗಳಿವೆ ಎಂಬ ಪಟ್ಟಿಯನ್ನೂ ಮಾರುವವರಿಂದ ಕೇಳಿ ಇಟ್ಟುಕೊಳ್ಳಿ.

ಎರಡನೆಯದು: ಹೊಸ ತೂತಿನ ಸುದ್ದಿ ಬಂದಾಗ

ದಿನಕ್ಕೆ ನೂರಕ್ಕೂ ಹೆಚ್ಚು ಹೊಸ ದೋಷಗಳು ಪ್ರಕಟವಾಗುತ್ತವೆ. ಎಲ್ಲದರ ಹಿಂದೆ ಓಡಿದರೆ ಯಾವುದೂ ಆಗುವುದಿಲ್ಲ. ಅಪಾಯದ ಅಂಕವೊಂದನ್ನೇ ನೋಡಿಯೂ ಪ್ರಯೋಜನವಿಲ್ಲ. ಒಳಗಿನ ಕೋಣೆಯಲ್ಲಿ ಯಾರ ಸಂಪರ್ಕಕ್ಕೂ ಸಿಗದ ಯಂತ್ರದ 9 ಅಂಕದ ದೋಷ ಕಾಯಬಹುದು. ಇಂಟರ್‌ನೆಟ್ಟಿಗೆ ಮುಖ ಮಾಡಿರುವ, ಹೊರಗಿನವರನ್ನು ಕಚೇರಿಯ ಜಾಲಕ್ಕೆ ಸೇರಿಸುವ ವಿಪಿಎನ್ ಪೆಟ್ಟಿಗೆಯ 7 ಅಂಕದ ದೋಷ ಕಾಯಲಾರದು.

ನಾನು ಕೇಳಿಕೊಳ್ಳುವುದು ಮೂರೇ ಪ್ರಶ್ನೆ. ಇದು ನಮ್ಮ ಪಟ್ಟಿಯಲ್ಲಿ ಇದೆಯೇ? ಹೊರಗಿನಿಂದ ಮುಟ್ಟಬಹುದೇ? ಈಗಾಗಲೇ ಯಾರಾದರೂ ಇದನ್ನು ಬಳಸಿ ನುಗ್ಗುತ್ತಿದ್ದಾರೆಯೇ? ಮೂರನೆಯದಕ್ಕೆ ಉತ್ತರ ಹುಡುಕುವುದು ಈಗ ಸುಲಭ. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸೀಸಾ (CISA), ನಿಜವಾಗಿ ದಾಳಿಗೆ ಬಳಕೆಯಾಗುತ್ತಿರುವ ದೋಷಗಳ ಪಟ್ಟಿಯನ್ನು 2021ರ ನವೆಂಬರ್‌ನಿಂದ ಇಡುತ್ತಿದೆ. ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಮೂರಕ್ಕೂ ಹೌದು ಎಂದರೆ ಅದು ಇವತ್ತಿನ ಕೆಲಸ, ನಾಳೆಗೆ ಬೇಡ. ಉಳಿದವುಗಳಿಗೆ ವಾರ, ತಿಂಗಳು ಎಂದು ಗಡುವು ಹಾಕಿ. ಗಡುವು ಮುರಿದರೆ ಯಾರ ಒಪ್ಪಿಗೆಯಿಂದ ಎಂದೂ ಬರೆದಿಡಿ.

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಸಾಕ್ಷಿ. ವಿಂಡೋಸ್‌ನ ಒಂದು ದೋಷದಿಂದ ಅದು ಹರಡಿತು. ವಿಂಡೋಸ್‌ನ ಆ ದೋಷಕ್ಕೆ ಮೈಕ್ರೋಸಾಫ್ಟ್ ಪ್ಯಾಚ್, ಅಂದರೆ ತೂತು ಮುಚ್ಚುವ ತೇಪೆ, ಬಿಟ್ಟದ್ದು 2017ರ ಮಾರ್ಚ್ 14ರಂದು. ದಾಳಿ ಆದದ್ದು ಮೇ 12ರಂದು. 59 ದಿನ ಪ್ಯಾಚ್ ಕೈಯಲ್ಲೇ ಇತ್ತು. ಆದರೂ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು.

ಪ್ಯಾಚ್ ಇನ್ನೂ ಬಂದೇ ಇಲ್ಲ, ಕಳ್ಳರು ಆಗಲೇ ನುಗ್ಗುತ್ತಿದ್ದಾರೆ ಎಂಬ ಸ್ಥಿತಿಯೂ ಉಂಟು. ಅದಕ್ಕೆ ಝೀರೋ ಡೇ ಎನ್ನುತ್ತಾರೆ. ಆಗ ಆ ಸೇವೆಯನ್ನು ಇಂಟರ್‌ನೆಟ್ಟಿನಿಂದ ಕೀಳಿ. ಕೀಳಲಾಗದಿದ್ದರೆ ಗೊತ್ತಿರುವ ಕೆಲವೇ ವಿಳಾಸಗಳಿಗೆ ಮಾತ್ರ ತೆರೆದಿಡಿ. ತಯಾರಕರು ತಾತ್ಕಾಲಿಕ ಉಪಾಯ ಹೇಳಿದ್ದರೆ ಅದನ್ನು ಮಾಡಿ. "ಒಂದು ದಿನ ನಿಲ್ಲಿಸಿದರೆ ಗ್ರಾಹಕರು ಬೈಯುತ್ತಾರೆ" ಎಂಬ ಮಾತು ಬಂದೇ ಬರುತ್ತದೆ. ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂದು ಮೊದಲೇ ಗೊತ್ತುಮಾಡಿದ್ದರೆ ಆ ವಾದಕ್ಕೆ ಅರ್ಧ ದಿನ ಹೋಗುವುದಿಲ್ಲ.

ಇನ್ನೊಂದು ಮಾತು. ಪ್ಯಾಚ್ ಹಾಕಿದ ಮೇಲೆ ಕೈತೊಳೆದುಕೊಳ್ಳಬೇಡಿ. 2023ರಲ್ಲಿ ಮೂವಿಟ್ ಎಂಬ ಫೈಲ್ ಕಳಿಸುವ ಸಾಫ್ಟ್‌ವೇರ್‌ಗೆ ಪ್ಯಾಚ್ ಬಂದದ್ದು ಮೇ 31ರಂದು. ಕ್ಲಾಪ್ ಎಂಬ ಕಳ್ಳರ ತಂಡ ಅದಕ್ಕೂ ಕೆಲವು ದಿನ ಮೊದಲೇ ನುಗ್ಗಿ ಮಾಹಿತಿ ದೋಚಿತ್ತು. ಮನೆಯೊಳಗೆ ಕಳ್ಳ ಇರುವಾಗ ಬಾಗಿಲು ಭದ್ರಮಾಡಿ ಏನು ಬಂತು? ಹಿಂದಿನ ಎರಡು ಮೂರು ವಾರದ ದಾಖಲೆ ತೆಗೆದು ನೋಡಿ. ಹೊಸ ಬಳಕೆದಾರರ ಖಾತೆ ಹುಟ್ಟಿದೆಯೇ, ನಡುರಾತ್ರಿ ದೊಡ್ಡ ಫೈಲ್ ಹೊರಗೆ ಹೋಗಿದೆಯೇ ಎಂದು ಹುಡುಕಿ.

ಮೂರನೆಯದು: ಬಾಗಿಲುಗಳು

ಇದನ್ನು ಎಲ್ಲರೂ ಹೇಳುತ್ತಾರೆ, ಹಾಗಾಗಿ ಚುಟುಕಾಗಿ ಮುಗಿಸುತ್ತೇನೆ. ಹೊರಗಿನಿಂದ ಲಾಗಿನ್ ಆಗುವ ಪ್ರತಿ ಜಾಗದಲ್ಲೂ ಪಾಸ್‌ವರ್ಡ್ ಜೊತೆ ಎರಡನೇ ಪರೀಕ್ಷೆ ಇರಲಿ, ಫೋನಿಗೆ ಬರುವ ಕೋಡಿನಂಥದ್ದು. ಕೆಲಸ ಬಿಟ್ಟವರ ಖಾತೆ ಅದೇ ದಿನ ಮುಚ್ಚಿ. ದಿನದ ಕೆಲಸಕ್ಕೆ ಅಡ್ಮಿನ್ ಖಾತೆ ಬಳಸಬೇಡಿ. ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪನ್ನು ನೇರ ಇಂಟರ್‌ನೆಟ್ಟಿಗೆ ಬಿಡಲೇಬೇಡಿ. 2021ರಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಕಂಪನಿಯೊಳಗೆ ಕಳ್ಳರು ಬಂದದ್ದು ಯಾರೂ ಬಳಸದೆ ಮರೆತಿದ್ದ ಒಂದು ವಿಪಿಎನ್ ಖಾತೆಯಿಂದ. ಎರಡನೇ ಪರೀಕ್ಷೆ ಅಲ್ಲಿ ಇರಲಿಲ್ಲ.

ನಾಲ್ಕನೆಯದು: ಬ್ಯಾಕಪ್, ಮತ್ತು ಅದರ ತಾಲೀಮು

ನಿಯಮ ಹಳೆಯದು, ಈಗಲೂ ಸರಿ. ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ರ‍್ಯಾನ್ಸಮ್‌ವೇರ್ ಕಾಲಕ್ಕೆ ಇನ್ನೊಂದು ಸೇರಿಸಿ: ಒಂದು ಪ್ರತಿಯಾದರೂ ನೆಟ್‌ವರ್ಕ್‌ನಿಂದ ಕಿತ್ತಿಟ್ಟದ್ದು, ಇಲ್ಲವೇ ಅಡ್ಮಿನ್ ಕೂಡ ಅಳಿಸಲಾಗದ್ದು ಇರಬೇಕು. ಕಳ್ಳರು ಬೀಗ ಹಾಕುವ ಮೊದಲು ಹುಡುಕಿ ಅಳಿಸುವುದು ಬ್ಯಾಕಪ್ಪನ್ನೇ. ಆದ್ದರಿಂದ ಬ್ಯಾಕಪ್‌ನ ಪಾಸ್‌ವರ್ಡ್ ಕಚೇರಿಯ ಉಳಿದ ಖಾತೆಗಳಿಗೆ ಸಂಬಂಧವೇ ಇಲ್ಲದ್ದಾಗಿರಲಿ.

ಕಿತ್ತಿಟ್ಟ ಪ್ರತಿಯ ಬೆಲೆ ಕೇಳಬೇಕಾದರೆ ಹಡಗು ಕಂಪನಿ ಮೇರ್ಸ್ಕ್‌ನವರನ್ನು ಕೇಳಬೇಕು. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ದಾಳಿಯ ಸಾಫ್ಟ್‌ವೇರ್ ಅವರ ಜಾಲವನ್ನೆಲ್ಲ ಅಳಿಸಿಹಾಕಿತು. ಯಾರು ಲಾಗಿನ್ ಆಗಬಹುದು ಎಂದು ನಿರ್ಧರಿಸುವ ಸರ್ವರ್‌ಗಳು ಸಾಲುಸಾಲಾಗಿ ಹೋದವು. ಘಾನಾದಲ್ಲಿದ್ದ ಒಂದು ಮಾತ್ರ ಉಳಿದಿತ್ತು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಅದನ್ನು ಹಿಡಿದುಕೊಂಡು ಸುಮಾರು 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹತ್ತು ದಿನದಲ್ಲಿ ಮತ್ತೆ ಕಟ್ಟಿದರು. ಕರೆಂಟ್ ಹೋಗಿದ್ದರಿಂದ ಉಳಿದೆವು ಎಂಬುದು ಅದೃಷ್ಟದ ಮಾತು. ನೀವು ಬೇಕೆಂದೇ ಕಿತ್ತಿಡಿ.

ಈಗ ತಾಲೀಮು. ಒಂದು ಖಾಲಿ ಕಂಪ್ಯೂಟರ್ ತೆಗೆದುಕೊಳ್ಳಿ, ನೆಟ್‌ವರ್ಕ್ ಕೇಬಲ್ ಕಿತ್ತುಹಾಕಿ. ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. ಬ್ಯಾಕಪ್‌ನಿಂದ ಹೋದ ತಿಂಗಳ ಸಂಬಳದ ಪಟ್ಟಿ ತೆಗೆಯಿರಿ. ಫೈಲ್ ಬಂತು ಎಂದು ಬಿಡಬೇಡಿ, ತೆರೆಯಿರಿ. ಕೊನೆಯ ಸಾಲಿನ ಮೊತ್ತವನ್ನು ಕಾಗದದ ಪ್ರತಿಯ ಜೊತೆ ಹೋಲಿಸಿ. ಹೊಂದಿದರೆ ಒಂದು ಹಂತ ಮುಗಿಯಿತು.

ಆಮೇಲೆ ಕಷ್ಟದ್ದು: ಇಡೀ ಸಾಫ್ಟ್‌ವೇರನ್ನು ಎಬ್ಬಿಸಿ. ಇಲ್ಲಿಯೇ ತಮಾಷೆ ಶುರುವಾಗುವುದು. ಡೇಟಾಬೇಸ್ ಬಂತು, ಲಾಗಿನ್ ಆಗುತ್ತಿಲ್ಲ. ಏಕೆಂದರೆ ಲಾಗಿನ್ ಪರೀಕ್ಷಿಸುವ ಸರ್ವರೇ ಇನ್ನೂ ಎದ್ದಿಲ್ಲ. ಅದನ್ನು ಎಬ್ಬಿಸಲು ಪಾಸ್‌ವರ್ಡ್ ಬೇಕು, ಪಾಸ್‌ವರ್ಡ್ ಬರೆದಿಟ್ಟ ಫೈಲ್ ಇನ್ನೊಂದು ಸರ್ವರ್‌ನಲ್ಲಿದೆ. ಆ ಸರ್ವರ್‌ನ ಲೈಸೆನ್ಸ್ ಸಂಖ್ಯೆ ಯಾರದೋ ಇಮೇಲ್‌ನಲ್ಲಿ. ಇಮೇಲ್ ಸತ್ತಿದೆ. ಪೆಟ್ಟಿಗೆಯ ಕೀಲಿ ಪೆಟ್ಟಿಗೆಯೊಳಗೇ ಇದೆ! ನಮ್ಮ ಮೊದಲ ತಾಲೀಮಿನಲ್ಲಿ ಇಂಥ ನಾಲ್ಕು ಗಂಟು ಸಿಕ್ಕವು. ಒಂದೊಂದೂ ಬಿಚ್ಚಿದ ಮೇಲೆ ಯಾವುದು ಮೊದಲು ಏಳಬೇಕು, ಯಾವುದು ಆಮೇಲೆ ಎಂದು ಕ್ರಮ ಬರೆದುಕೊಂಡೆವು. ಲಾಗಿನ್ ಸರ್ವರ್, ಹೆಸರು ಹುಡುಕಿಕೊಡುವ ಡಿಎನ್‌ಎಸ್, ಡೇಟಾಬೇಸ್, ಕೊನೆಗೆ ಸಾಫ್ಟ್‌ವೇರ್. ಒಟ್ಟು ಒಂಬತ್ತು ಗಂಟೆ ಹಿಡಿಯಿತು. ಎರಡು ಗಂಟೆಯಲ್ಲಿ ಆಗುತ್ತದೆ ಎಂದು ಮೇಲಿನವರಿಗೆ ಹೇಳಿದ್ದು ನಾನೇ.

ಕಳ್ಳರು ವಾರಗಟ್ಟಲೆ ಒಳಗಿರುತ್ತಾರೆ ಎಂದೆನಲ್ಲ, ಆದ್ದರಿಂದ ನಿನ್ನೆಯ ಬ್ಯಾಕಪ್‌ನಲ್ಲೂ ಅವರ ಕೈವಾಡ ಇರಬಹುದು. ಎರಡು ಮೂರು ತಿಂಗಳು ಹಿಂದಿನ ಪ್ರತಿಯೂ ಇರಲಿ.

ಐದನೆಯದು: ಕಾಗದದ ಮೇಲೆ ಒಂದು ಪುಟ

ಬೀಗ ಬಿದ್ದ ದಿನ ಕಂಪ್ಯೂಟರ್‌ನಲ್ಲಿಟ್ಟ ಯೋಜನೆಯನ್ನು ಯಾರೂ ಓದಲಾರರು. ಪ್ರಿಂಟ್ ತೆಗೆದು ಡ್ರಾಯರ್‌ನಲ್ಲಿಡಿ. ಒಂದೇ ಪುಟ ಇರಲಿ, ನಲವತ್ತು ಪುಟದ್ದನ್ನು ಆ ಗಡಿಬಿಡಿಯಲ್ಲಿ ಯಾರೂ ತಿರುವುವುದಿಲ್ಲ. ಅದರಲ್ಲಿ ಫೋನ್ ನಂಬರ್‌ಗಳು: ನಿರ್ಧಾರ ಮಾಡುವವರು, ಅವರಿಲ್ಲದಿದ್ದರೆ ಇನ್ನೊಬ್ಬರು, ವಕೀಲರು, ವಿಮೆಯವರು, ಪೊಲೀಸ್, ಹೊರಗಿನ ಭದ್ರತಾ ತಜ್ಞರು.

ಕೆಳಗೆ ಮೊದಲ ಗಂಟೆಯ ಕೆಲಸ. ಸೋಂಕು ತಗುಲಿದ ಯಂತ್ರದ ಕೇಬಲ್ ಕೀಳಿ, ವೈಫೈ ಆರಿಸಿ. ಯಂತ್ರವನ್ನು ಆಫ್ ಮಾಡಬೇಡಿ, ತನಿಖೆಗೆ ಬೇಕಾದ ಸುಳಿವು ಅದರ ಮೆಮೊರಿಯಲ್ಲಿರುತ್ತದೆ. ಜಾಲದಿಂದ ಬೇರ್ಪಡಿಸಲು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಆಫ್ ಮಾಡಿ. ಬ್ಯಾಕಪ್ ಡಿಸ್ಕನ್ನು ಗಾಬರಿಯಲ್ಲಿ ಅದಕ್ಕೆ ಚುಚ್ಚಬೇಡಿ, ಅದೂ ಹೋಗುತ್ತದೆ. ಪರದೆಯ ಮೇಲಿನ ಬೆದರಿಕೆ ಪತ್ರವನ್ನು ಫೋನಿನಲ್ಲಿ ಫೋಟೊ ತೆಗೆಯಿರಿ. ಮಾತುಕತೆ ಕಚೇರಿಯ ಇಮೇಲ್‌ನಲ್ಲಿ ಬೇಡ, ಅವರು ಅದನ್ನೂ ಓದುತ್ತಿರಬಹುದು.

ದುಡ್ಡು ಕೊಡಬೇಕೆ? ನನ್ನನ್ನು ಕೇಳಿದರೆ ಬೇಡ. ಕಲೋನಿಯಲ್‌ನವರು 75 ಬಿಟ್‌ಕಾಯಿನ್ ಕೊಟ್ಟರು, ಆಗಿನ ಲೆಕ್ಕಕ್ಕೆ ಸುಮಾರು 44 ಲಕ್ಷ ಡಾಲರ್. ಸಿಕ್ಕಿದ ಬೀಗದಕೈ ಎಷ್ಟು ನಿಧಾನವಾಗಿತ್ತೆಂದರೆ ಕಂಪನಿ ತನ್ನ ಬ್ಯಾಕಪ್‌ಗಳಿಗೇ ಮೊರೆಹೋಯಿತು. ಐರ್ಲೆಂಡಿನವರು ಕೊಡಲಿಲ್ಲ. ಕಳ್ಳರು ಬೀಗದಕೈಯನ್ನು ಸುಮ್ನೆ ಕೊಟ್ಟರು, ಆದರೂ ಎಲ್ಲ ಸರಿಹೋಗಲು ತಿಂಗಳುಗಳೇ ಬೇಕಾದವು. ಕೊಡುವ ಯೋಚನೆಗೆ ಮೊದಲು ಯುರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್, ಡಚ್ ಪೊಲೀಸರು ಸೇರಿ 2016ರಲ್ಲಿ ಶುರುಮಾಡಿದ 'ನೋ ಮೋರ್ ರ‍್ಯಾನ್ಸಮ್' ತಾಣ ನೋಡಿ. ಕೆಲವು ಹಳೆಯ ರ‍್ಯಾನ್ಸಮ್‌ವೇರ್‌ಗಳ ಬೀಗದಕೈ ಅಲ್ಲಿ ಉಚಿತ.

ಕೊನೆಯದು: ಎರಡು ಗಂಟೆ ಕೂತು ಆಡಿ

ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಆಗುವುದಿಲ್ಲ. ವರ್ಷಕ್ಕೆ ಎರಡು ಸಲ ನಿರ್ಧಾರ ಮಾಡುವವರನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸಿ. ಒಬ್ಬರು ಕತೆ ಓದಲಿ: "ಶನಿವಾರ ಬೆಳಗಿನ ಜಾವ ನಾಲ್ಕು ಗಂಟೆ. ಕಾವಲಿನವರು ಫೋನ್ ಮಾಡಿದ್ದಾರೆ, ಪ್ರಿಂಟರ್‌ನಿಂದ ಒಂದೇ ಕಾಗದ ಮತ್ತೆ ಮತ್ತೆ ಬರುತ್ತಿದೆಯಂತೆ." ಈಗ ಯಾರು ಯಾರಿಗೆ ಫೋನ್ ಮಾಡುತ್ತೀರಿ? ಸೋಮವಾರ ಸಂಬಳದ ದಿನ, ಏನು ಮಾಡುತ್ತೀರಿ? ಪತ್ರಕರ್ತರೊಬ್ಬರು ಕರೆ ಮಾಡಿದ್ದಾರೆ, ಯಾರು ಮಾತಾಡುತ್ತೀರಿ? ಜಾಣ ಉತ್ತರ ಬೇಕಿಲ್ಲ, ಯಾರೂ ಉತ್ತರ ಕೊಡದೆ ಒಬ್ಬರ ಮುಖ ಒಬ್ಬರು ನೋಡಿಕೊಂಡ ಜಾಗಗಳನ್ನು ಬರೆದುಕೊಳ್ಳಿ.

ನಮ್ಮ ಮೊದಲ ಆಟದಲ್ಲಿ ಡ್ರಾಯರ್‌ನ ಪುಟ ತೆಗೆದು ಮೊದಲ ನಂಬರಿಗೆ ಫೋನ್ ಹಚ್ಚಿದೆವು. ಆ ನಂಬರ್ ಬಳಕೆಯಲ್ಲಿಲ್ಲ ಎಂದಿತು. ಅವರು ಕೆಲಸ ಬಿಟ್ಟು ಆರು ತಿಂಗಳಾಗಿತ್ತು. ಈಗ ಪುಟದ ಮೂಲೆಯಲ್ಲಿ ಪೆನ್ನಿನಿಂದ ತಾರೀಕು ಹಾಕುತ್ತೇವೆ. ಮೂರು ತಿಂಗಳಿಗೊಮ್ಮೆ ಪ್ರತಿ ನಂಬರಿಗೂ ಕರೆ ಮಾಡಿ ನೋಡಿ, ಹೊಸ ತಾರೀಕು ಬರೆಯುತ್ತೇವೆ.